ಮನೆ ಸಾಲ ರಿಜೆಕ್ಟ್ ಆಯ್ತಾ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ದಾವಣಗೆರೆಯ ಕುಂದವಾಡ ಕೆರೆ ಕಡೆ ಒಂದು ಮನೆ ನೋಡಿ, ಮನೆಯವರಿಗೆಲ್ಲ ಮೆಚ್ಚಿಗೆಯಾಗಿ, ಎರಡು ಲಕ್ಷ ಮುಂಗಡ ಕೊಟ್ಟು ಕರಾರು ಮಾಡಿಕೊಂಡಿದ್ದೆವು. ಮೂರು ತಿಂಗಳ ಗಡುವು. ಐದನೇ ವಾರ ಬ್ಯಾಂಕಿನಿಂದ ಫೋನ್ ಬಂತು. "ಸರ್, ನಿಮ್ಮ ಫೈಲ್ ರಿಜೆಕ್ಟ್ ಆಗಿದೆ, ಸಿಬಿಲ್ ಸರಿ ಇಲ್ಲ." ಅಷ್ಟೇ ಹೇಳಿ ಇಟ್ಟರು. ಸಿಬಿಲ್ ಅಂದರೆ ನಮ್ಮ ಸಾಲ, ಕಂತುಗಳ ಚರಿತ್ರೆ ಇಟ್ಟು ಅದರ ವರದಿಯನ್ನೂ ಒಂದು ಅಂಕವನ್ನೂ ಕೊಡುವ ಕಂಪನಿ, ಸಾಲ ಕೊಡುವ ಮುಂಚೆ ಬ್ಯಾಂಕು ಆ ವರದಿ ನೋಡುತ್ತದೆ.

ನಾನು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಹದಿನಾರು ವರ್ಷದಿಂದ ಲೆಕ್ಕ ಬರೆಯುವವನು. ಯಾರ ಹತ್ತಿರವೂ ನೂರು ರೂಪಾಯಿ ಬಾಕಿ ಉಳಿಸಿಕೊಂಡವನಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಆಮೇಲೆ ದೋಷ ಸಿಕ್ಕಿತು, ಸರಿಯೂ ಆಯಿತು. ಅದಾದ ಮೇಲೆ ಅಂಗಡಿಯವರು, ಓಣಿಯವರು, ನೆಂಟರು ಅಂತ ಏಳೆಂಟು ಜನರ ವರದಿಯನ್ನು ಅವರ ಜೊತೆ ಕೂತು ಓದಿದ್ದೇನೆ. ಸಾಲ ಸಿಗಲಿಲ್ಲ ಅಂದರೆ ತಮ್ಮ ಮರ್ಯಾದೆಗೇ ಏನೋ ಆಯಿತು ಅಂತ ಜನ ಕುಗ್ಗುತ್ತಾರೆ, ಹೆಂಡತಿಗೂ ಹೇಳುವುದಿಲ್ಲ. ಆದರೆ ನಾನು ನೋಡಿದ ಹೆಚ್ಚಿನ ಕಡೆ ದೋಷ ಇದ್ದದ್ದು ಕಾಗದದ ಒಂದು ಸಾಲಿನಲ್ಲಿ. ಆ ಸಾಲು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲ ದಿನ ಏನು ಮಾಡಬಾರದು

ಬೇರೆ ಬ್ಯಾಂಕಿಗೆ ಓಡಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಒಬ್ಬ ಏಜೆಂಟ್ ಸಿಗುತ್ತಾನೆ, "ಅಣ್ಣಾ, ಐದು ಕಡೆ ಹಾಕೋಣ, ಎಲ್ಲಾದರೂ ಆಗ್ತದೆ" ಅನ್ನುತ್ತಾನೆ. ನೀವು ಅರ್ಜಿ ಹಾಕಿದ ಪ್ರತಿ ಬ್ಯಾಂಕೂ ನಿಮ್ಮ ವರದಿ ತೆಗೆಸುತ್ತದೆ. ತೆಗೆಸಿದ ತಾರೀಕು, ಎಷ್ಟು ಸಾಲಕ್ಕೆ ಅನ್ನುವುದು ವರದಿಯ ಕೊನೆಯಲ್ಲಿ 'ಎನ್‌ಕ್ವೈರಿ' ಅನ್ನುವ ಪಟ್ಟಿಗೆ ಸೇರುತ್ತದೆ. ಒಂದೇ ತಿಂಗಳಲ್ಲಿ ಐದು ಎನ್‌ಕ್ವೈರಿ ಕಂಡರೆ ಆರನೆಯವರು ಏನು ಅಂದುಕೊಳ್ಳುತ್ತಾರೆ? ಇವರಿಗೆ ಎಲ್ಲೂ ಸಿಗುತ್ತಿಲ್ಲ, ಏನೋ ಇದೆ ಅಂತ ಅಲ್ವಾ? ಅಂಕವೂ ಇಳಿಯುತ್ತದೆ. ಇದ್ದ ದೋಷದ ಮೇಲೆ ಇನ್ನೊಂದು ದೋಷ ಕೂತಿತು. ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಮಾತ್ರ ಅಂಕ ಇಳಿಯುವುದಿಲ್ಲ, ಎಷ್ಟು ಸಲ ಬೇಕಾದರೂ ನೋಡಬಹುದು.

ಎರಡನೆಯದು, ಮನೆ ಮಾರುವವರಿಗೆ ಅವತ್ತೇ ವಿಷಯ ತಿಳಿಸಿ. ಮುಚ್ಚಿಟ್ಟು ಗಡುವು ದಾಟಿದರೆ ಮುಂಗಡಕ್ಕೇ ಕುತ್ತು. ನಾವು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಸ್ವಲ್ಪ ಯೋಚನೆ ಮಾಡಿ 45 ದಿನ ಜಾಸ್ತಿ ಕೊಟ್ಟರು. ಅದನ್ನು ಬಾಯಿಮಾತಿಗೆ ಬಿಡದೆ ಕರಾರಿನ ಹಿಂಬದಿಯಲ್ಲಿ ಷರಾ ಬರೆದು ಇಬ್ಬರೂ ಸಹಿ ಹಾಕಿದೆವು. ಇನ್ನೂ ಕರಾರು ಮಾಡಿಕೊಳ್ಳದೆ ಇದ್ದವರು ಇದನ್ನು ಓದುತ್ತಿದ್ದರೆ, 'ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್' ಅನ್ನುವ ಒಂದು ಸಾಲು ಮೊದಲೇ ಬರೆಸಿಕೊಳ್ಳಿ. ಪತ್ರ ಬರೆಯುವವರು ತಾವಾಗಿ ಬರೆಯುವುದಿಲ್ಲ, ನಾವೇ ಕೇಳಬೇಕು.

ಕಾರಣ ಬರಹದಲ್ಲಿ ಬೇಕು

"ಸಿಬಿಲ್ ಸರಿ ಇಲ್ಲ" ಅನ್ನುವುದು ಕಾರಣ ಅಲ್ಲ. ಅದು ಡಾಕ್ಟರು "ಮೈ ಸರಿ ಇಲ್ಲ" ಅಂದ ಹಾಗೆ. ಸಾಲದ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣಗಳನ್ನು ಬರಹದಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಸಣ್ಣ ಸಾಲ, ದೊಡ್ಡ ಸಾಲ ಎಲ್ಲದಕ್ಕೂ ಅನ್ವಯ. ಶಾಖೆಗೆ ಹೋಗಿ ಅರ್ಧ ಪುಟದ ಅರ್ಜಿ ಕೊಡಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಜಗಳ ಬೇಡ. "ಮೇಡಂ, ಸರಿ ಮಾಡಿಕೊಂಡು ಮತ್ತೆ ನಿಮ್ಮ ಹತ್ತಿರವೇ ಬರ್ತೀನಿ, ಕಾರಣ ಬರೆದು ಕೊಡಿ" ಅಂದರೆ ಸಾಮಾನ್ಯವಾಗಿ ಕೊಡುತ್ತಾರೆ.

ಕಾರಣ ಕೈಗೆ ಬಂದಾಗ ಅದು ಮೂರರಲ್ಲಿ ಯಾವ ಕಡೆಯದು ಅಂತ ಮೊದಲು ನೋಡಿ: ನಿಮ್ಮ ಹಳೆಯ ಸಾಲದ ಚರಿತ್ರೆಯದಾ, ನಿಮ್ಮ ಆದಾಯದ್ದಾ, ಇಲ್ಲಾ ಕೊಳ್ಳುವ ಮನೆಯ ಕಾಗದದ್ದಾ? ಎಲ್ಲದಕ್ಕೂ ಜನ ಸಿಬಿಲ್ ಅಂದುಬಿಡುತ್ತಾರೆ. ಒಬ್ಬರು ಆರು ತಿಂಗಳು ಅಂಕ ಏರಿಸಲು ಒದ್ದಾಡಿದರು. ಬರಹ ತರಿಸಿ ನೋಡಿದರೆ ಸೈಟಿನ ಭೂ ಪರಿವರ್ತನೆಯೇ, ಅಂದರೆ ಹೊಲವನ್ನು ಮನೆ ಕಟ್ಟುವ ಜಾಗ ಅಂತ ಬದಲಿಸುವುದೇ, ಆಗಿರಲಿಲ್ಲ. ಅಂಕ ಒಂಬೈನೂರಾದರೂ ಆ ಸೈಟಿಗೆ ಆ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ.

ವರದಿ ತೆಗೆಸಿ, ನಾಲ್ಕೂ

ನಾವು ಎಲ್ಲದಕ್ಕೂ ಸಿಬಿಲ್ ಅನ್ನುತ್ತೇವೆ. ನಿಜವಾಗಿ ದೇಶದಲ್ಲಿ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಕೆಳಗೆ ಇವು ನಡೆಯುತ್ತವೆ. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು, ಅಂಕದ ಸಮೇತ, ನಿಮಗೆ ಪುಕ್ಕಟೆ ಕೊಡಬೇಕು. 2017ರಿಂದ ಈ ನಿಯಮ ಇದೆ. ಅವರವರ ಜಾಲತಾಣದಲ್ಲಿ ಪ್ಯಾನ್ ನಂಬರು, ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ಸಿಗುತ್ತದೆ. ನಡುವೆ ತಿಂಗಳ ಚಂದಾ, ವರ್ಷದ ಚಂದಾ ಅಂತ ದುಡ್ಡಿನ ಪುಟ ಬರುತ್ತದೆ. ಅದನ್ನು ದಾಟಿ ಪುಕ್ಕಟೆಯ ಕೊಂಡಿ ಹುಡುಕಿ. ಯಾವುದೋ ಆಪ್‌ನಲ್ಲಿ ಬರೀ ಅಂಕ ನೋಡಿ ಸುಮ್ನೆ ಕೂರಬೇಡಿ. ಅಂಕ 300ರಿಂದ 900ರ ನಡುವಿನ ಒಂದು ಸಂಖ್ಯೆ, ಅದು ಜ್ವರ ಎಷ್ಟು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ನಾಲ್ಕೂ ಯಾಕೆ ಅಂದರೆ, ಒಂದರಲ್ಲಿ ಸರಿ ಇದ್ದದ್ದು ಇನ್ನೊಂದರಲ್ಲಿ ತಪ್ಪಿರಬಹುದು. ನಿಮ್ಮ ಬ್ಯಾಂಕು ಯಾವುದನ್ನು ನೋಡಿತೋ ಅದೇ ಮುಖ್ಯ.

ಪ್ರಿಂಟ್ ತೆಗೆಸಿ, ಪೆನ್ನು ಹಿಡಿದು ಓದಿ. ನಾನು ಓದುವ ಕ್ರಮ ಹೇಳುತ್ತೇನೆ. ಮೊದಲು ಹೆಸರು, ಹುಟ್ಟಿದ ತಾರೀಕು, ಪ್ಯಾನ್, ವಿಳಾಸ. ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ನಮ್ಮ ಓಣಿಯ ಟೀಚರ್ ಒಬ್ಬರ ವರದಿಯಲ್ಲಿ ಟ್ರ್ಯಾಕ್ಟರ್ ಸಾಲ ಇತ್ತು, ಅದೂ ಕಂತು ಕಟ್ಟದೆ ಬಿದ್ದಿದ್ದು. ಅವರು ಟ್ರ್ಯಾಕ್ಟರ್ ಹತ್ತಿಯೂ ನೋಡಿದವರಲ್ಲ. ವಿಳಾಸದ ಪಟ್ಟಿಯಲ್ಲಿ ಅವರಿಗೆ ಗೊತ್ತೇ ಇಲ್ಲದ ಒಂದು ಹಳ್ಳಿಯ ಹೆಸರು ಕಂಡಿತು. ಅದೇ ಹೆಸರಿನ ಇನ್ನೊಬ್ಬ ಹೆಂಗಸಿನ ಖಾತೆ ಇವರದಕ್ಕೆ ಸೇರಿಕೊಂಡಿತ್ತು. ಇಬ್ಬರ ಹುಟ್ಟಿದ ತಾರೀಕೂ ಜೂನ್ 1. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಬರೆದುಕೊಂಡ ತಾರೀಕು, ನಮ್ಮ ಕಡೆ ಅರ್ಧ ಊರಿಗೇ ಅದೇ ಹುಟ್ಟಿದ ದಿನ ತಾನೇ? ಹೆಸರು ಒಂದೇ, ತಾರೀಕು ಒಂದೇ ಆದಾಗ ಇಂಥ ಎಡವಟ್ಟು ಆಗುತ್ತದೆ. ಪ್ಯಾನ್ ಪ್ರತಿ, ಆಧಾರ್ ಪ್ರತಿ ಇಟ್ಟು 'ಈ ಖಾತೆ ನನ್ನದಲ್ಲ' ಅಂತ ತಕರಾರು ಹಾಕಿದ ಮೇಲೆ ಅದು ತೆಗೆದುಹೋಯಿತು.

ಆಮೇಲೆ ಒಂದೊಂದೇ ಸಾಲದ ಖಾತೆ. ಅದು ನಿಮ್ಮದೇನಾ? ಮುಗಿದಿದ್ದರೆ ಮುಗಿದ ತಾರೀಕು ಇದೆಯಾ? ಈಗಿನ ಬಾಕಿ ಸೊನ್ನೆ ಇದೆಯಾ? ಖಾತೆ ನಿಮ್ಮೊಬ್ಬರದಾ, ಜಂಟಿಯಾ, ಜಾಮೀನಾ? ಆಮೇಲೆ ಸ್ಥಿತಿಯ ಜಾಗದಲ್ಲಿ ಯಾವ ಪದ ಇದೆ ಅಂತ ನೋಡಿ. 'ಕ್ಲೋಸ್ಡ್' ಅಂದರೆ ಮುಗಿಯಿತು, ಚಿಂತೆ ಇಲ್ಲ. 'ಸೆಟಲ್ಡ್' ಅಂದರೆ ಪೂರ್ತಿ ಕಟ್ಟಲಿಲ್ಲ, ರಾಜಿ ಮಾಡಿಕೊಂಡು ಬಿಟ್ಟರು ಅಂತ. ಕ್ರೆಡಿಟ್ ಕಾರ್ಡಿನವರು ಫೋನ್ ಮಾಡಿ "ನಲವತ್ತು ಸಾವಿರದ ಬದಲು ಹದಿನೆಂಟು ಕಟ್ಟಿ ಮುಗಿಸಿ" ಅಂದಾಗ ಖುಷಿಯಾಗುತ್ತದೆ. ಆದರೆ ವರದಿಯಲ್ಲಿ ಉಳಿಯುವುದು ಈ ಪದ, ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ. 'ರಿಟನ್ ಆಫ್' ಇನ್ನೂ ಕೆಟ್ಟದು. ಅದನ್ನು ಸಾಲ ಮನ್ನಾ ಅಂತ ತಿಳಿದವರನ್ನು ನೋಡಿದ್ದೇನೆ. ಮನ್ನಾ ಅಲ್ಲ. ಬ್ಯಾಂಕು ತನ್ನ ಲೆಕ್ಕದಲ್ಲಿ ನಷ್ಟ ಅಂತ ಬರೆದುಕೊಂಡಿದೆ, ನಿಮ್ಮ ಬಾಕಿ ಹಾಗೇ ಇದೆ.

ಪ್ರತಿ ಖಾತೆಯ ಕೆಳಗೆ ಸಣ್ಣ ಸಣ್ಣ ಚೌಕದ ಮನೆಗಳ ಒಂದು ಪಟ್ಟಿ ಇರುತ್ತದೆ. ತಿಂಗಳಿಗೊಂದು ಮನೆ, ಮೂರು ವರ್ಷದ್ದು. ಪ್ರತಿ ಮನೆಯಲ್ಲಿ ಮೂರು ಅಕ್ಷರ ಇಲ್ಲವೇ ಮೂರು ಅಂಕಿ. 000 ಅಂದರೆ ಬಾಕಿ ಇಲ್ಲ. 030 ಅಂದರೆ ಕಂತು ಮೂವತ್ತು ದಿನ ತಡ. 'ಎಕ್ಸ್' ಮೂರು ಸಲ ಬಿದ್ದಿದ್ದರೆ ಆ ತಿಂಗಳ ಮಾಹಿತಿಯನ್ನು ಸಾಲ ಕೊಟ್ಟವರು ಕಳಿಸಿಲ್ಲ, ಅದು ನಿಮ್ಮ ತಪ್ಪಲ್ಲ. ತೊಂಬತ್ತು ದಾಟಿದರೆ ಅದು ಎನ್‌ಪಿಎ, ಅಂದರೆ ಕೆಟ್ಟ ಸಾಲ, ಅಲ್ಲಿಗೆ ಬ್ಯಾಂಕಿನವರು ಫೈಲು ಮಡಚುತ್ತಾರೆ.

ನನ್ನ ಪಟ್ಟಿಯಲ್ಲಿ ಸಿಕ್ಕಿದ್ದು

ಕೆಲವು ವರ್ಷದ ಹಿಂದೆ ಕಂತಿನ ಮೇಲೆ ಒಂದು ಮೊಬೈಲ್ ತಗೊಂಡಿದ್ದೆ. ಹತ್ತು ಕಂತು. ಒಂಬತ್ತು ಸರಿಯಾಗಿ ಹೋದವು. ಹತ್ತನೆಯದರ ಹೊತ್ತಿಗೆ ಸಂಬಳದ ಖಾತೆ ಬೇರೆ ಬ್ಯಾಂಕಿಗೆ ಹೋಗಿತ್ತು, ಹಳೆಯದರಲ್ಲಿ ದುಡ್ಡಿರಲಿಲ್ಲ, ಆಟೋ ಡೆಬಿಟ್ ಬೌನ್ಸ್ ಆಯಿತು. ಮೂರನೇ ದಿನ ಕಲೆಕ್ಷನ್ ಹುಡುಗ ಅಂಗಡಿಗೇ ಬಂದ. ಕಂತಿನ ದುಡ್ಡು ಎಣಿಸಿ ಕೊಟ್ಟೆ, ಚೀಟಿ ಹರಿದು ಕೊಟ್ಟ. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಬೌನ್ಸ್ ಆದದ್ದಕ್ಕೆ 500 ರೂಪಾಯಿ ದಂಡ, ಅದರ ಮೇಲೆ ನೂರಕ್ಕೆ ಹದಿನೆಂಟು ಜಿಎಸ್‌ಟಿ, ಒಟ್ಟು 590. ಅದನ್ನು ಆ ಹುಡುಗ ಕೇಳಲಿಲ್ಲ, ನನಗೆ ಗೊತ್ತಿರಲಿಲ್ಲ. ಖಾತೆ ತೆರೆದೇ ಇತ್ತು. ಪಟ್ಟಿಯಲ್ಲಿ 000, 000, 000 ಅಂತ ಒಂಬತ್ತು ಮನೆ ಚೆಂದ ಬಂದು, ಆಮೇಲೆ 030, 060, 091 ಅಂತ ಏರುತ್ತಾ ಏರುತ್ತಾ ಹೋಗಿತ್ತು. ಕೊನೆಗೆ 'ರಿಟನ್ ಆಫ್', ಮೊತ್ತ 590. ಇಪ್ಪತ್ತೆಂಟು ಲಕ್ಷದ ಸಾಲ ನಿಂತದ್ದು ಇದರ ಮುಂದೆ.

ಆಗ ನನಗೆ ಬಂದ ಸಿಟ್ಟಿಗೆ ಆ ಫೈನಾನ್ಸ್ ಕಂಪನಿಯ ಬಾಗಿಲಿಗೆ ಹೋಗಿ ದುಡ್ಡು ಮುಖಕ್ಕೆ ಎಸೆದು ಬರೋಣ ಅನ್ನಿಸಿತ್ತು. ಹಾಗೆ ಮಾಡದೆ ಇದ್ದದ್ದು ಒಳ್ಳೆಯದಾಯಿತು. ಸುಮ್ನೆ ಕಟ್ಟಿಬಿಟ್ಟರೆ 'ರಿಟನ್ ಆಫ್ ಆದ ಮೇಲೆ ಕಟ್ಟಿದರು' ಅನ್ನುವ ಇನ್ನೊಂದು ಕಲೆ ಉಳಿಯಬಹುದು. ಮೊದಲು ಬರಹದಲ್ಲಿ ಕೇಳಬೇಕು: ಈ ದಂಡದ ಬಗ್ಗೆ ನನಗೆ ಯಾವತ್ತು ತಿಳಿಸಿದಿರಿ, ಇದು ಕಂತಾ, ದಂಡವಾ, ಕಟ್ಟಿದರೆ ಖಾತೆಯನ್ನು 'ಕ್ಲೋಸ್ಡ್' ಅಂತ ತಿದ್ದಿ ಹಳೆಯ ತಿಂಗಳುಗಳ ಬಾಕಿ ದಿನವನ್ನೂ ಸರಿ ಮಾಡುತ್ತೀರಾ? ಹತ್ತನೇ ಕಂತಿನ ಚೀಟಿ ನನ್ನ ಹತ್ತಿರ ಇತ್ತು. ಲೆಕ್ಕ ಬರೆಯುವವನ ಚಾಳಿ, ಚೀಟಿ ಎಸೆಯುವುದಿಲ್ಲ. ಬಣ್ಣ ಮಾಸಿ ಅಂಕಿ ಮಾತ್ರ ತೆಳ್ಳಗೆ ಕಾಣುತ್ತಿತ್ತು, ಫೋಟೋ ತೆಗೆದು ಹಚ್ಚಿದೆ. ನೀವು ಚೀಟಿಯನ್ನು ಅದೇ ದಿನ ಜೆರಾಕ್ಸ್ ಮಾಡಿಸಿ ಇಡಿ, ಆ ತೆಳು ಕಾಗದ ಎರಡು ವರ್ಷಕ್ಕೇ ಬೆಳ್ಳಗಾಗುತ್ತದೆ.

ತಕರಾರು ಹಾಕುವುದು

ಎರಡು ಕಡೆ ಒಂದೇ ದಿನ ಹಾಕಿ. ವರದಿ ಕೊಟ್ಟ ಕಂಪನಿಯ ಜಾಲತಾಣದಲ್ಲಿ ತಕರಾರಿನ ಫಾರಂ ಇರುತ್ತದೆ, ಶುಲ್ಕ ಇಲ್ಲ. ಆದರೆ ಅವರು ತಾವಾಗಿ ಏನನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರನ್ನು ಕೇಳುತ್ತಾರೆ. ಅವರು ಹೂಂ ಅಂದರೆ ಮಾತ್ರ ತಿದ್ದುತ್ತಾರೆ. ಅದಕ್ಕೇ ಸಾಲ ಕೊಟ್ಟವರ ದೂರು ವಿಭಾಗಕ್ಕೂ ಇಮೇಲ್ ಮಾಡಬೇಕು. ಕಾಲ್ ಸೆಂಟರಿಗೆ ಫೋನ್ ಮಾಡಿ ಹೇಳಿದ್ದು ದಾಖಲೆ ಆಗುವುದಿಲ್ಲ. ಖಾತೆ ನಂಬರು, ತಪ್ಪು ಯಾವ ಸಾಲಿನಲ್ಲಿದೆ, ಸರಿಯಾದದ್ದು ಏನು, ಪುರಾವೆ ಏನು, ಇಷ್ಟೇ ಬರೆಯಿರಿ. ನಿಮ್ಮ ಕಷ್ಟದ ಕತೆ ಅಲ್ಲಿ ಬೇಡ. ದೂರಿನ ನಂಬರು ಬರೆದಿಟ್ಟುಕೊಳ್ಳಿ.

ಗಡುವು 30 ದಿನ. ಸಾಲ ಕೊಟ್ಟವರು 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸಬೇಕು, ಉಳಿದ ದಿನಗಳಲ್ಲಿ ವರದಿಯ ಕಂಪನಿ ತಿದ್ದಬೇಕು. ಮೂವತ್ತು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಖಾತೆಗೆ ಬರಬೇಕು. ಯಾರು ತಡ ಮಾಡಿದರೋ ಅವರು ಕೊಡಬೇಕು. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಹೊರಡಿಸಿದ ಈ ಆದೇಶ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದನ್ನು ಇಮೇಲಿನ ಕೊನೆಯಲ್ಲಿ ಒಂದು ಸಾಲು ಬರೆದರೆ ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ನನ್ನದರಲ್ಲಿ ಹತ್ತನೇ ದಿನ ಒಂದು ಸಿದ್ಧ ಉತ್ತರ ಬಂತು, 'ನಮ್ಮ ದಾಖಲೆ ಪ್ರಕಾರ ಸರಿ ಇದೆ' ಅಂತ. ಅದನ್ನೇ ಕೊನೆಯ ಮಾತು ಅಂತ ತಿಳಿಯಬೇಡಿ. ಚೀಟಿಯ ಫೋಟೋ ಮತ್ತೆ ಹಚ್ಚಿ, ಮೇಲಿನ ಅಧಿಕಾರಿಯ ವಿಳಾಸಕ್ಕೆ ಕಳಿಸಿದೆ. ಇಪ್ಪತ್ತಾರನೇ ದಿನ ದಂಡ ಬಿಟ್ಟು, ಖಾತೆ ಮುಗಿಸಿ, ಬಾಕಿ ಇಲ್ಲ ಅನ್ನುವ ಪತ್ರ ಕಳಿಸಿದರು.

ಮೂವತ್ತು ದಿನ ಕಳೆದೂ ಉತ್ತರ ಇಲ್ಲ, ಇಲ್ಲವೇ ಬಂದ ಉತ್ತರ ಸರಿ ಇಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಅವರ ಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬೇಕು, ಶುಲ್ಕ ಇಲ್ಲ, ವಕೀಲರೂ ಬೇಡ. ಕೇಳಿ ತಿಳಿಯಲು 14448ಕ್ಕೆ ಫೋನ್ ಮಾಡಬಹುದು. ವರದಿ ಕೊಡುವ ಕಂಪನಿಗಳೂ 2022ರ ಸೆಪ್ಟೆಂಬರ್‌ನಿಂದ ಇದರ ವ್ಯಾಪ್ತಿಗೆ ಬಂದಿವೆ.

"ಐದು ಸಾವಿರ ಕೊಡಿ, ಸಿಬಿಲ್ ಕ್ಲೀನ್ ಮಾಡಿಸ್ತೀನಿ" ಅನ್ನುವವರು ಊರಿನಲ್ಲಿ ಇದ್ದಾರೆ. ದಯವಿಟ್ಟು ಕೊಡಬೇಡಿ. ತಪ್ಪಿದ್ದರೆ ನೀವೇ ಪುಕ್ಕಟೆ ತಿದ್ದಿಸಬಹುದು. ನಿಜವಾಗಿ ಕಟ್ಟದೆ ಉಳಿದದ್ದಿದ್ದರೆ ಯಾರಿಂದಲೂ ಅಳಿಸಲು ಆಗುವುದಿಲ್ಲ. ನಿಮ್ಮ ಪ್ಯಾನ್, ಒಟಿಪಿ ಅವರ ಕೈಗೆ ಹೋದದ್ದು ಮಾತ್ರ ಉಳಿಯುತ್ತದೆ.

ಬಾಕಿ ನಿಜವೇ ಆಗಿದ್ದರೆ

ಆಗ ತಕರಾರಿಗೆ ಅರ್ಥ ಇಲ್ಲ, ಕಟ್ಟಬೇಕು. 'ಸೆಟಲ್ಡ್' ಇದ್ದವರು ಸಾಲ ಕೊಟ್ಟವರ ಹತ್ತಿರ ಹೋಗಿ ಬಿಟ್ಟುಕೊಟ್ಟ ಮೊತ್ತ ಎಷ್ಟು ಅಂತ ಕೇಳಿ, ಅದನ್ನು ಕಟ್ಟಿ 'ಕ್ಲೋಸ್ಡ್' ಮಾಡಿಸಬಹುದು. ಕಟ್ಟುವ ಮೊದಲೇ ಹಾಗಂತ ಬರಹದಲ್ಲಿ ತಗೊಳ್ಳಿ. ಹಳೆಯ ತಿಂಗಳ ತಡ ಮಾತ್ರ ಪಟ್ಟಿಯಲ್ಲಿ ಉಳಿಯುತ್ತದೆ, ಹೊಸ ತಿಂಗಳುಗಳು ಸೇರಿದಂತೆ ಹಿಂದಕ್ಕೆ ಸರಿಯುತ್ತದೆ. ಕ್ರೆಡಿಟ್ ಕಾರ್ಡ್ ಮಿತಿಯ ಮಟ್ಟಕ್ಕೆ ತುಂಬಿದ್ದರೆ ಅದನ್ನು ಮೊದಲು ಇಳಿಸಿ, ಬೇಗ ಫಲ ಕಾಣುವುದು ಅಲ್ಲೇ.

ಚರಿತ್ರೆಯೇ ಇಲ್ಲದವರ ಕತೆ ಬೇರೆ. ನಮ್ಮ ಅಂಗಡಿಗೆ ಮೆಕ್ಕೆಜೋಳದ ಚೀಲ ಹೊತ್ತು ತರುವ ಗೂಡ್ಸ್ ಆಟೋದ ಹುಡುಗ ಜೀವನದಲ್ಲೇ ಸಾಲ ಮಾಡಿದವನಲ್ಲ. ಆಟೋ ಕೂಡ ಕೈದುಡ್ಡಿನಲ್ಲೇ ತಗೊಂಡದ್ದು. ಅವನಿಗೆ "ಹಿಸ್ಟರಿ ಇಲ್ಲ" ಅಂತ ವಾಪಸ್ ಕಳಿಸಿದರು. ಮೊದಲ ಸಲ ಸಾಲ ಕೇಳುವವರನ್ನು ಚರಿತ್ರೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನ ಹೇಳುತ್ತದೆ. ಇಷ್ಟೇ ಅಂಕ ಇರಬೇಕು ಅನ್ನುವ ಕನಿಷ್ಠ ಮಿತಿಯನ್ನೂ ಅದು ಹಾಕಿಲ್ಲ, ಬ್ಯಾಂಕುಗಳು ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳುತ್ತವೆ. ಇದನ್ನು ಹೇಳಿ, ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕಟ್ಟಿದ ದಾಖಲೆ ಜೋಡಿಸಿ ಮತ್ತೆ ಕೇಳಿದ ಮೇಲೆ ಫೈಲು ಒಳಗೆ ತಗೊಂಡರು.

ಸೈಟಿನ ಕಡೆ ದೋಷ ಇದ್ದರೆ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಯಾಕಂದರೆ ಇದು ವಕೀಲರ ಹತ್ತಿರ ಕೂತು ನೋಡಬೇಕಾದ್ದು. ದಾವಣಗೆರೆ ಸುತ್ತ ಊರು ಹೊಲದ ಕಡೆಗೆ ಬೆಳೆಯುತ್ತಿದೆ. ಹೊಲವನ್ನು ಭೂ ಪರಿವರ್ತನೆ ಮಾಡಿಸದೆ, ದೂಡಾದಿಂದ (ನಗರಾಭಿವೃದ್ಧಿ ಪ್ರಾಧಿಕಾರ) ಬಡಾವಣೆ ನಕ್ಷೆ ಮಂಜೂರು ಮಾಡಿಸದೆ ಸೈಟು ಮಾರಿರುತ್ತಾರೆ. ಪಂಚಾಯಿತಿ ಜಾಗಕ್ಕೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಇದ್ದರೆ ಬ್ಯಾಂಕು ಮುಂದೆ ಹೋಗುತ್ತದೆ, 11ಬಿ ಇದ್ದರೆ ಬಹಳ ಕಡೆ ಅಲ್ಲೇ ನಿಲ್ಲುತ್ತದೆ. ಆಸ್ತಿಯ ಮೇಲಿನ ಅಡಮಾನ ತೋರಿಸುವ ಋಣಭಾರ ಪತ್ರವನ್ನು (ಇಸಿ) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೀವೇ ತೆಗೆಸಬಹುದು. ಹಳೆಯ ಮಾಲೀಕರು ಸಾಲ ತೀರಿಸಿದ್ದರೂ ಅಡಮಾನ ಬಿಡುಗಡೆ ಅದರಲ್ಲಿ ನಮೂದಾಗದೆ ಉಳಿದಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅದರ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಶ್ನೆ ಬರುತ್ತದೆ. ಇಂಥ ದೋಷ ಇದ್ದಾಗ ಬ್ಯಾಂಕು ಬೇಡ ಅಂದದ್ದು ನಿಮ್ಮ ದುಡ್ಡು ಉಳಿಸಿದ ಹಾಗೆ. ಬೇರೆ ಬ್ಯಾಂಕು ಹುಡುಕುವ ಬದಲು ಮುಂಗಡ ವಾಪಸ್ ಕೇಳಿ.

ಆದಾಯದ್ದು ಅಂದರೆ, ನಮ್ಮ ವ್ಯಾಪಾರಿಗಳಲ್ಲಿ ಕಾಣುವುದು ಒಂದೇ ದೋಷ: ತೆರಿಗೆ ಉಳಿಸಲು ರಿಟರ್ನ್‌ನಲ್ಲಿ ಕಡಿಮೆ ತೋರಿಸಿರುತ್ತಾರೆ. ಬ್ಯಾಂಕು ಗಲ್ಲಾಪೆಟ್ಟಿಗೆ ನೋಡುವುದಿಲ್ಲ, ರಿಟರ್ನ್ ನೋಡುತ್ತದೆ. ಸಾಲದ ಮೊತ್ತ ಇಳಿಸುವುದು, ದುಡಿಯುವ ಹೆಂಡತಿಯನ್ನೋ ಮಗನನ್ನೋ ಜೊತೆ ಅರ್ಜಿದಾರರಾಗಿ ಸೇರಿಸುವುದು ಈಗಿನ ದಾರಿ.

ಮತ್ತೆ ಅರ್ಜಿ ಹಾಕುವ ಮುಂಚೆ

ತಿದ್ದಿದ ಇಮೇಲ್ ಬಂದ ಮಾತ್ರಕ್ಕೆ ಹೋಗಬೇಡಿ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅಂತ ಇದೆ, ಹಾಗಾಗಿ ಎರಡು ಮೂರು ವಾರ ಬಿಟ್ಟು ವರದಿ ಹೊಸದಾಗಿ ತೆಗೆಸಿ ಕಣ್ಣಾರೆ ನೋಡಿ. ನಾನು ಹಾಗೆ ನೋಡಿದಾಗ ಮೂರು ಕಡೆ ಸರಿಯಾಗಿತ್ತು, ಒಂದು ಕಡೆ ಹಳೆಯದೇ ಇತ್ತು. ಅಲ್ಲಿಗೆ ಇನ್ನೊಂದು ತಕರಾರು ಹಾಕಿ, ಅದೂ ಸರಿಯಾದ ಮೇಲೆ ಅದೇ ಶಾಖೆಗೆ ಹೋದೆ. ಹಳೆಯ ವರದಿ, ಹೊಸ ವರದಿ, ಬಾಕಿ ಇಲ್ಲದ ಪತ್ರ ಮೂರನ್ನೂ ಅರ್ಜಿಯ ಮೇಲೇ ಪಿನ್ ಮಾಡಿದ್ದೆ. ಕರಾರಿನ ಗಡುವಿಗೆ ಆರು ದಿನ ಇರುವಾಗ ಮಂಜೂರಾಯಿತು.

ನಮ್ಮ ದೊಡ್ಡಪ್ಪನ ಮಗನದು ಮಾತ್ರ ಇನ್ನೂ ಬಗೆಹರಿದಿಲ್ಲ. ಅಣ್ಣ ಗೆಳೆಯನೊಬ್ಬನ ವಾಹನ ಸಾಲಕ್ಕೆ ಜಾಮೀನು ಸಹಿ ಹಾಕಿದ್ದ. ಗೆಳೆಯ ಕಂತು ತಪ್ಪಿಸಿದ, ಅದು ಅಣ್ಣನ ವರದಿಯಲ್ಲೂ 'ಗ್ಯಾರಂಟರ್' ಅಂತ ಬಾಕಿ ದಿನದ ಸಮೇತ ಕೂತಿದೆ. ಅದರಲ್ಲಿ ತಪ್ಪಿಲ್ಲ, ತಕರಾರು ಹಾಕಲು ಏನೂ ಇಲ್ಲ. ಬಾಕಿ ಇರುವುದು ನಾಲ್ಕು ಕಂತು. ಬರುವ ಭಾನುವಾರ ಆ ಗೆಳೆಯನನ್ನು ಮನೆಗೆ ಕರೆಸಿದ್ದೇವೆ. ಅವನ ಕೈಲಿ ಆಗದಿದ್ದರೆ ಅಣ್ಣನೇ ಕಟ್ಟಿ ರಸೀದಿಯನ್ನು ತನ್ನ ಹೆಸರಿನಲ್ಲಿ ತಗೊಳ್ಳುವುದು, ಗೆಳೆಯನಿಂದ ಒಂದು ಬರಹ ಮಾಡಿಸಿಕೊಳ್ಳುವುದು ಅಂತ ಮಾತಾಗಿದೆ.